ಗ್ಯಾರೇಜ್ ಕಾಗದ: ಘಾಟಿಯಲ್ಲಿ ನಿಲ್ಲುವ ಎಂಜಿಬಿ, ಗೊಬ್ಬರದ ಶೆಡ್ಡಿನಲ್ಲಿ ತುಕ್ಕು ಹಿಡಿಯುವ ಕಾರು

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಕೊಡಗಿನವೇ ಜಾಸ್ತಿ, ಅದೂ ಬ್ರಿಟನ್ನಿನ ಎಂಜಿ ಕಂಪನಿಯ ಎಂಜಿಬಿಯಂಥ ಹಳೆಯ ಸ್ಪೋರ್ಟ್ಸ್ ಕಾರುಗಳ ಬಗ್ಗೆ. ಹಾಗಾಗಿ ಅಂಕಣ ಪೂರ್ತಿ ಅವರಿಗೇ ಬಿಟ್ಟಿದ್ದೇನೆ. ಅಜ್ಜ ಓಡಿಸಿದ ಕಾರನ್ನು ಮೊಮ್ಮಕ್ಕಳು ಮತ್ತೆ ರಸ್ತೆಗೆ ಇಳಿಸಲು ಕಷ್ಟಪಡುತ್ತಿದ್ದಾರೆ ಅಂತ ಓದಿದಾಗ ತುಂಬಾ ಖುಷಿಯಾಯಿತು. ಆದರೆ ಸುಮಾರು ಜನ ಸಾಮಾನು ಬದಲಾಯಿಸಿ, ದುಡ್ಡು ಕಳೆದುಕೊಂಡ ಮೇಲೆ ಬರೆದಿದ್ದಾರೆ. ದಯವಿಟ್ಟು ಮೊದಲು ಪರೀಕ್ಷೆ ಮಾಡಿ, ಸಾಮಾನು ಆಮೇಲೆ.

ಪ್ರಶ್ನೆ: ಸರ್, ನಮ್ಮದು 1969ರ ಎಂಜಿಬಿ. ಮಡಿಕೇರಿ ಪೇಟೆಯಲ್ಲಿ ಓಡಾಡುವಾಗ ಏನೂ ತೊಂದರೆ ಇಲ್ಲ. ಸುಳ್ಯಕ್ಕೆ ಹೋಗಿ ವಾಪಸ್ ಬರುವಾಗ ಮಾತ್ರ, ಕೊಯನಾಡು ದಾಟಿ ಘಾಟಿ ಹತ್ತುತ್ತಿದ್ದ ಹಾಗೆ ಎಳೆತ ಕಮ್ಮಿಯಾಗಿ, ಜರ್ಕ್ ಹೊಡೆದು ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ಕಾರ್ಬುರೇಟರ್ ಕ್ಲೀನ್ ಮಾಡಿಸಿದೆ, ಹೊಸ ಕಾಯಿಲ್ ಹಾಕಿಸಿದೆ. ಈಗ ಮೇಸ್ತ್ರಿ ಇಂಜಿನ್ ಬಿಚ್ಚೋಣ ಅಂತಾರೆ. ಬಿಚ್ಚಿಸಲಾ? (ಮಡಿಕೇರಿ)

ಉತ್ತರ: ಬೇಡ, ಬಿಚ್ಚಿಸಬೇಡಿ. ತಣ್ಣಗಾದ ಮೇಲೆ ಸರಿಯಾಗಿ ಓಡುವ ಇಂಜಿನ್‌ನ ಒಳಗೆ ದೊಡ್ಡ ದೋಷ ಇರುವುದು ಅಪರೂಪ. ನಿಮ್ಮ ಕಾರಿನಲ್ಲಿ ಬಿಸಿಯಾದಾಗ ಒಂದೋ ಕರೆಂಟ್ ನಿಲ್ಲುತ್ತಿದೆ, ಇಲ್ಲ ಪೆಟ್ರೋಲ್ ನಿಲ್ಲುತ್ತಿದೆ. ಯಾವುದು ಅಂತ ಗೊತ್ತಾಗಬೇಕಾದರೆ ಕಾರು ನಿಂತ ಜಾಗದಲ್ಲೇ, ತಣ್ಣಗಾಗುವ ಮುಂಚೆಯೇ ನೋಡಬೇಕು. ಗ್ಯಾರೇಜಿಗೆ ತಂದ ಮೇಲೆ ನೋಡಿದರೆ ಎಲ್ಲವೂ ಸರಿಯಾಗೇ ಕಾಣುತ್ತದೆ, ಆಗ ಮೇಸ್ತ್ರಿ ಪಾಪ ಅಂದಾಜಿನ ಮೇಲೆ ಒಂದೊಂದೇ ಸಾಮಾನು ಬದಲಾಯಿಸುತ್ತಾ ಹೋಗುತ್ತಾನೆ.

ಮುಂದಿನ ಸಲ ನಿಂತ ತಕ್ಷಣ ಕಾರನ್ನು ರಸ್ತೆಯಿಂದ ಪಕ್ಕಕ್ಕೆ ತೆಗೆದು, ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಬುಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿದೆ ಅಂತ ಅರ್ಥ. ಪೆಟ್ರೋಲ್ ಖಾಲಿಯಾದ ಹಾಗೆಲ್ಲ ಟ್ಯಾಂಕಿನೊಳಗೆ ನಿರ್ವಾತ ಹೆಚ್ಚಿ ಪಂಪಿಗೆ ಎಳೆಯಲು ಆಗಲ್ಲ. ಮುಚ್ಚಳ ಸಡಿಲ ಮಾಡಿ ಸ್ಟಾರ್ಟ್ ಆದರೆ ನಿಮ್ಮ ಕೆಲಸ ಅಲ್ಲೇ ಮುಗಿಯಿತು.

ಆಮೇಲೆ ಕಿಡಿ. ಒಂದು ಪ್ಲಗ್ ಬಿಚ್ಚಿ ವಯರಿಗೆ ಸಿಕ್ಕಿಸಿ, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು ಪ್ಲಗ್ಗಿನ ಮೈಯನ್ನು ಇಂಜಿನ್ ಬ್ಲಾಕಿಗೆ ತಾಗಿಸಿ. ಹತ್ತಿರದಲ್ಲಿ ಪೆಟ್ರೋಲ್ ಸೋರಿರಬಾರದು, ಇದು ಮುಖ್ಯ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನೀಲಿ ಬಣ್ಣದ ಗಟ್ಟಿ ಕಿಡಿ ಬಂದರೆ ಕರೆಂಟ್ ಸರಿ ಇದೆ. ಹಳದಿಯಾಗಿ ಸಣ್ಣಗೆ ಬಂದರೆ ಅಥವಾ ಬರದೇ ಇದ್ದರೆ, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಕಂಡೆನ್ಸರ್ ಮೇಲೆ ನನಗೆ ಮೊದಲ ಅನುಮಾನ. ಬಿಸಿಯಾದಾಗ ಸತ್ತು ತಣ್ಣಗಾದಾಗ ಬದುಕುವುದು ಅದರ ಹಳೇ ಚಾಳಿ. ನೀವು ಕಾಯಿಲ್ ಬದಲಾಯಿಸಿದ್ದೀರಿ, ಕಂಡೆನ್ಸರ್ ಬಗ್ಗೆ ಬರೆದಿಲ್ಲ. ಹೊಸ ಕಂಡೆನ್ಸರ್‌ಗಳಲ್ಲಿ ಕಳಪೆ ಮಾಲು ಜಾಸ್ತಿ, ಹಾಗಾಗಿ ಒಂದು ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಸರ್ವೀಸ್ ನೆಪದಲ್ಲಿ ಅದನ್ನು ಎಸೆಯಬೇಡಿ. ಡಿಸ್ಟ್ರಿಬ್ಯೂಟರ್ ತೆರೆದಾಗಲೇ ಪಾಯಿಂಟ್ ಗ್ಯಾಪ್ (ಕರೆಂಟ್ ಕೂಡಿಸಿ ಬಿಡಿಸುವ ತುದಿಗಳ ನಡುವಿನ ಸಂದಿ) ಕೂಡ ನೋಡಿ, 15 ಥೌ (ಇಂಚಿನ ಸಾವಿರದಲ್ಲಿ 15 ಭಾಗ), ಅಂದರೆ 0.38 ಮಿಮೀ ಇರಬೇಕು.

ಕಿಡಿ ಚೆನ್ನಾಗಿದ್ದರೆ ಪೆಟ್ರೋಲ್ ಕಡೆ ಬನ್ನಿ. ಎಂಜಿಬಿಯ ಫ್ಯೂಯಲ್ ಪಂಪು ಬಾನೆಟ್ ಕೆಳಗೆ ಇಲ್ಲ, ಹಿಂದೆ ಆಕ್ಸಲ್‌ಗಿಂತ ಮುಂದೆ, ಬ್ಯಾಟರಿ ಪೆಟ್ಟಿಗೆಯ ಪಕ್ಕದಲ್ಲಿದೆ. ಇಂಜಿನ್ ಸ್ಟಾರ್ಟ್ ಮಾಡದೆ ಸುಮ್ನೆ ಕೀ ತಿರುಗಿಸಿ ಕಿವಿಗೊಡಿ. ಟಿಕ್ ಟಿಕ್ ಟಿಕ್ ಅಂತ ಹೊಡೆದು ಕಾರ್ಬುರೇಟರ್ ತುಂಬಿದ ಮೇಲೆ ನಿಧಾನವಾಗಿ ನಿಂತರೆ ಪಂಪು ಸರಿ ಇದೆ. ನಿಲ್ಲದೆ ಗಡಿಬಿಡಿಯಲ್ಲಿ ಹೊಡೆಯುತ್ತಲೇ ಇದ್ದರೆ ಅದು ಪೆಟ್ರೋಲ್ ಬದಲು ಗಾಳಿಯನ್ನೋ ಆವಿಯನ್ನೋ ಎಳೆಯುತ್ತಿದೆ. ಶಬ್ದವೇ ಇಲ್ಲ, ಕಾರ್ಬುರೇಟರೂ ಖಾಲಿ ಅಂದರೆ ಪಂಪಿನ ಪಾಯಿಂಟ್ ಅಂಟಿಕೊಂಡಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ಪಂಪಿನ ಮೈಗೆ ಮೆಲ್ಲಗೆ ತಟ್ಟಿ, ಹೊಡೆಯೋಕೆ ಶುರುವಾದರೆ ಮನೆ ಮುಟ್ಟುತ್ತೀರಿ. ಮಾರನೇ ದಿನ ಪಾಯಿಂಟ್ ಉಜ್ಜಿಸಿ, ಅದನ್ನು ಮಾತ್ರ ಮುಂದೂಡಬೇಡಿ.

ನಿಮ್ಮ ವಿವರ ಓದಿದರೆ ಪೆಟ್ರೋಲ್ ಆವಿಯಾಗುವ ಸಾಧ್ಯತೆಯೂ ಚೆನ್ನಾಗೇ ಇದೆ. ಈ ಇಂಜಿನ್‌ನಲ್ಲಿ ಕಾರ್ಬುರೇಟರ್‌ಗಳು ಮತ್ತು ಸೈಲೆನ್ಸರ್ ಮ್ಯಾನಿಫೋಲ್ಡ್ ಒಂದೇ ಪಕ್ಕದಲ್ಲಿವೆ. ಎರಡರ ಮಧ್ಯೆ ಒಂದು ತಗಡಿನ ತಡೆ ಇರಬೇಕು. ಹಳೆ ಕಾರುಗಳಲ್ಲಿ ಯಾರೋ ಯಾವಾಗಲೋ ಅದನ್ನು ಬಿಚ್ಚಿ ವಾಪಸ್ ಹಾಕದೇ ಬಿಟ್ಟಿರುತ್ತಾರೆ. ಇದೆಯಾ ನೋಡಿ. ಎರಡನೇ ಗೇರಿನಲ್ಲಿ ನಿಧಾನಕ್ಕೆ ಲಾರಿ ಹಿಂದೆ ಹತ್ತುವಾಗ ಗಾಳಿ ಆಡಲ್ಲ, ಬಿಸಿ ಅಲ್ಲೇ ತುಂಬಿಕೊಳ್ಳುತ್ತದೆ. ಜೊತೆಗೆ ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. 1969ರಲ್ಲಿ ಈ ಕಾರು ಮಾಡಿದವರ ಲೆಕ್ಕದಲ್ಲಿ ಅದು ಇರಲಿಲ್ಲ. ಎಥನಾಲ್ ಹಳೆಯ ರಬ್ಬರ್ ಪೈಪನ್ನು ಒಳಗಿನಿಂದ ಮೆತ್ತಗೆ ಮಾಡುತ್ತದೆ. ಹೊರಗೆ ಕಪ್ಪಗೆ ಗಟ್ಟಿಯಾಗಿ ಕಂಡರೂ ಒಳಗೆ ಸಿಪ್ಪೆ ಎದ್ದು ದಾರಿ ಕಟ್ಟಿರುತ್ತದೆ. ಟ್ಯಾಂಕಿನಿಂದ ಕಾರ್ಬುರೇಟರ್ ತನಕ ಎಲ್ಲಾ ರಬ್ಬರ್ ತುಂಡುಗಳನ್ನೂ ತೆಗೆಸಿ, ಎಸ್‌ಎಇ ಜೆ30 ಆರ್9 ಅಂತ ಮೈಮೇಲೆ ಬರೆದಿರುವ ಪೈಪ್ ಹಾಕಿಸಿ. ಬೆಲೆ ಸ್ವಲ್ಪ ಜಾಸ್ತಿ, ಆದರೆ ಬಿಸಿ ಸೈಲೆನ್ಸರ್ ಮೇಲೆ ಪೆಟ್ರೋಲ್ ಸೋರಿದರೆ ಕಾರೇ ಉಳಿಯಲ್ಲ ಅಲ್ವಾ?

ಪ್ರಶ್ನೆ: ಎಂಜಿಬಿ ಗೊತ್ತಿರುವ ಮೇಸ್ತ್ರಿ ನಮ್ಮ ಕಡೆ ಯಾರೂ ಇಲ್ಲ. ಸಣ್ಣ ಕೆಲಸಕ್ಕೂ ಬೆಂಗಳೂರಿಗೆ ಲಾರಿಯಲ್ಲಿ ಹಾಕಿ ಕಳಿಸಬೇಕಾ? (ಗೋಣಿಕೊಪ್ಪ)

ಉತ್ತರ: ಬೇಕಿಲ್ಲ. ಹಳೆ ಅಂಬಾಸಿಡರ್ ಕೆಲಸ ಮಾಡಿದ ಹಿರಿಯ ಮೇಸ್ತ್ರಿಯನ್ನು ಹುಡುಕಿ. ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್, ಎಂಜಿಬಿಯ 1798 ಸಿಸಿ ಇಂಜಿನ್ ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಇಂಜಿನ್‌ಗಳು. ಒಂದೇ ಮನೆಯ ಅಣ್ಣತಮ್ಮಂದಿರು. ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) ಎರಡಕ್ಕೂ 88.9 ಮಿಮೀ, ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) ಎರಡಕ್ಕೂ 1-3-4-2. ಎಂಜಿಬಿಯ ಬೋರ್ (ಸಿಲಿಂಡರಿನ ಅಗಲ) ಮಾತ್ರ ದೊಡ್ಡದು. ಹಾಗಂತ ಪಿಸ್ಟನ್, ಕ್ರ್ಯಾಂಕ್ ಅದರದ್ದು ಇದಕ್ಕೆ ಕೂರಲ್ಲ, ಆ ಪ್ರಯತ್ನ ಬೇಡ. ಆದರೆ ಟ್ಯಾಪೆಟ್ ಸೆಟ್ ಮಾಡುವುದು, ಟೈಮಿಂಗ್ ಕೂರಿಸುವುದು, ಎಸ್‌ಯು ಕಾರ್ಬುರೇಟರ್ ಬಿಚ್ಚಿ ಜೋಡಿಸುವುದು, ಇವೆಲ್ಲ ಆ ಮೇಸ್ತ್ರಿಗೆ ಕೈಯಲ್ಲೇ ಇದೆ. ಸರ್ವೀಸ್ ಮ್ಯಾನುಯಲ್‌ನ ಅಳತೆಗಳನ್ನು ಒಂದು ಕಾಗದದಲ್ಲಿ ಬರೆದು ಅವರ ಕೈಗೆ ಕೊಡಿ, ಪಕ್ಕದಲ್ಲಿ ನೀವೂ ನಿಂತು ಕಲಿಯಿರಿ. ಆ ತಲೆಮಾರಿನ ಮೇಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ. ಅವರ ಕೈಗುಣ ಪುಸ್ತಕದಲ್ಲಿ ಸಿಗುವುದಿಲ್ಲ.

ಪ್ರಶ್ನೆ: ನಮ್ಮದೂ ಎಂಜಿಬಿ. ತೋಟದ ಗೊಬ್ಬರದ ಶೆಡ್ಡಿನಲ್ಲಿ ಕಾರು ನಿಲ್ಲಿಸುತ್ತೇವೆ, ಮಳೆ ಒಂದು ಹನಿ ಬೀಳಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ದಪ್ಪ ಪ್ಲಾಸ್ಟಿಕ್ ಟಾರ್ಪಲ್ ಹೊದೆಸಿ ಕಟ್ಟುತ್ತೇವೆ. ಪ್ರತಿ ಭಾನುವಾರ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುತ್ತೇನೆ. ಇಷ್ಟು ಜಾಗ್ರತೆ ಮಾಡಿದರೂ ಪ್ರತಿ ವರ್ಷ ತುಕ್ಕು, ಹೋದ ವರ್ಷ ಸೈಲೆನ್ಸರ್ ತೂತು. ಎಲ್ಲಿ ತಪ್ಪುತ್ತಿದೆ? (ಸಿದ್ದಾಪುರ)

ಉತ್ತರ: ಶೆಡ್ಡು, ಟಾರ್ಪಲ್, ಐದು ನಿಮಿಷ. ಮೂರನ್ನೂ ಬದಲಾಯಿಸಬೇಕು. ಕಾಳಜಿಯಿಂದಲೇ ಮಾಡಿದ್ದೀರಿ, ಆದರೆ ನಮ್ಮ ಮಳೆಗಾಲಕ್ಕೆ ಅದು ಹೊಂದುವುದಿಲ್ಲ.

ಶೆಡ್ಡಿನಿಂದ ಶುರು ಮಾಡೋಣ, ಯಾಕೆಂದರೆ ಕೊಡಗಿನ ಸುಮಾರು ತೋಟಗಳಲ್ಲಿ ಇದೇ ಕಥೆ. ಅದೇ ಶೆಡ್ಡಿನ ಮೂಲೆಯಲ್ಲಿ ಪೊಟ್ಯಾಷ್ ಮೂಟೆಗಳಿರುತ್ತವೆ. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಜಾತಿಯದೇ. ಮಳೆಗಾಲದ ಗಾಳಿಯಲ್ಲಿ ಮೂಟೆಯ ಹೊಲಿಗೆ ಹತ್ತಿರ ಅದು ಒದ್ದೆಯಾಗಿ ನೆಲಕ್ಕೆ ಇಳಿಯುವುದನ್ನು ನೀವೂ ನೋಡಿರುತ್ತೀರಿ. ಆ ಧೂಳು ಕಾರಿನ ಅಡಿಗೆ, ಬಾಗಿಲ ಸಂದಿಗೆ ಕೂತರೆ ಸಮುದ್ರದ ದಡದಲ್ಲಿ ಕಾರು ನಿಲ್ಲಿಸಿದ ಹಾಗೇ ಲೆಕ್ಕ. ಪಕ್ಕದಲ್ಲಿ ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದಿಟ್ಟ ಮೈಲುತುತ್ತ ಇದ್ದರಂತೂ ಇನ್ನೂ ಕೆಟ್ಟದು. ಒದ್ದೆಯಾದ ಮೈಲುತುತ್ತ ಕಬ್ಬಿಣವನ್ನೂ ತಿನ್ನುತ್ತದೆ, ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಕಾರ್ಬುರೇಟರ್ ಮೈ ಅಲ್ಯೂಮಿನಿಯಂ ಅನ್ನೋದು ನೆನಪಿರಲಿ. ಸ್ಪ್ರೇ ಪಂಪು, ಡ್ರಮ್ಮು ತೊಳೆಯುವ ಜಾಗವೂ ಕಾರಿನಿಂದ ದೂರ ಇರಬೇಕು. ಗೊಬ್ಬರ ಸಾಗಿಸಲು ಆಗದಿದ್ದರೆ ಕಾರನ್ನೇ ಸಾಗಿಸಿ. ಮೂರು ಕಡೆ ಗೋಡೆ ಇಲ್ಲದ, ಮೇಲೆ ಶೀಟು, ಕೆಳಗೆ ಸಿಮೆಂಟ್ ನೆಲ ಇರುವ ಜಾಗ ಮುಚ್ಚಿದ ಶೆಡ್ಡಿಗಿಂತ ಎಷ್ಟೋ ವಾಸಿ.

ಪ್ಲಾಸ್ಟಿಕ್ ಟಾರ್ಪಲ್ ಹೊರಗಿನ ನೀರು ತಡೆಯುವುದಕ್ಕಿಂತ ಒಳಗಿನ ತೇವವನ್ನು ಹಿಡಿದಿಡುತ್ತದೆ. ಬೆಳಿಗ್ಗೆ ಎತ್ತಿ ನೋಡಿ, ಒಳಮೈಯಲ್ಲಿ ಹನಿ ನಿಂತಿರುತ್ತದೆ. ಸೂರಿನ ಕೆಳಗೇ ನಿಲ್ಲಿಸುವ ಕಾರಿಗೆ ಹತ್ತಿಯ ಹಳೆ ಬೆಡ್‌ಶೀಟ್ ಸಾಕು. ಗಾಜು ಒಂದು ಬೆರಳಷ್ಟು ಇಳಿಸಿಡಿ, ಇಲ್ಲದಿದ್ದರೆ ಸೀಟಿನ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ನೆಲದ ಕಾರ್ಪೆಟ್ ತೆಗೆದು ಮನೆಯೊಳಗೆ ಇಡಿ.

ಇನ್ನು ಐದು ನಿಮಿಷದ ಸ್ಟಾರ್ಟ್. ಪೆಟ್ರೋಲ್ ಉರಿದಾಗ ನೀರಿನ ಆವಿ ಬರುತ್ತದೆ. ಇಂಜಿನ್ ಪೂರ್ತಿ ಕಾದರೆ ಆ ಆವಿ ಹೊರಗೆ ಹೋಗುತ್ತದೆ, ಐದು ನಿಮಿಷಕ್ಕೆ ನಿಲ್ಲಿಸಿದರೆ ಸೈಲೆನ್ಸರ್ ಒಳಗೂ ಇಂಜಿನ್ ಆಯಿಲ್ ಒಳಗೂ ನೀರಾಗಿ ಉಳಿಯುತ್ತದೆ. ನಿಮ್ಮ ಸೈಲೆನ್ಸರ್ ಒಳಗಿನಿಂದ ಕೊಳೆತಿದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ, ಕೆಳಗೆ ಕೆನೆಬಣ್ಣದ ಲೋಳೆ ಇದ್ದರೆ ಅದೂ ಇದೇ ಕಾರಣಕ್ಕೆ. ಮಳೆ ಹೊಳವು ಕೊಟ್ಟ ದಿನ ಕಾರನ್ನು ತೆಗೆದು ಒಂದಿಪ್ಪತ್ತು ಕಿಲೋಮೀಟರ್ ಓಡಿಸಿ ಬನ್ನಿ. ಹೊಳವೇ ಸಿಗದ ವಾರಗಳಲ್ಲಿ ಸುಮ್ನೆ ಬಿಟ್ಟುಬಿಡಿ, ಸ್ಟಾರ್ಟ್ ಮಾಡಲೇಬೇಡಿ, ಬ್ಯಾಟರಿ ಮಾತ್ರ ಬಿಚ್ಚಿ ಚಾರ್ಜಿಗೆ ಹಾಕಿ. ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಲೈನರ್ ಡ್ರಮ್ಮಿಗೆ ಅಂಟುತ್ತದೆ. ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಡಿ. ಕ್ಲಚ್ ಪೆಡಲ್ಲಿಗೂ ಒಂದು ಕೋಲು ಆನಿಸಿ ಒತ್ತಿಹಿಡಿದಿಟ್ಟರೆ ಕ್ಲಚ್ ಪ್ಲೇಟು ಅಂಟಲ್ಲ. ಸೈಲೆನ್ಸರ್ ಬಾಯಿಗೂ ಏರ್ ಫಿಲ್ಟರ್ ಬಾಯಿಗೂ ಸಣ್ಣ ಕಣ್ಣಿನ ತಂತಿಬಲೆ ಕಟ್ಟಿ, ಇಲಿಗಳಿಗೆ ಅವೆರಡೂ ಒಳ್ಳೇ ಮನೆ. ಸ್ಟಾರ್ಟ್ ಮಾಡುವ ಮುಂಚೆ ಬಲೆ ತೆಗೆಯಬೇಕು ಅಂತ ಸ್ಟೀರಿಂಗಿಗೆ ಒಂದು ಚೀಟಿ ಕಟ್ಟಿಡಿ.

ಟ್ಯಾಂಕಿನ ವಿಷಯವೂ ಇದೆ. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ಹೆಚ್ಚಾದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ತಳಕ್ಕೆ ಇಳಿದು ಟ್ಯಾಂಕಿನ ತಳ ತಿನ್ನುತ್ತದೆ. ಮಳೆ ಹಿಡಿಯುವ ಮುಂಚೆ ಒಂದೋ ಟ್ಯಾಂಕ್ ಪೂರ್ತಿ ತುಂಬಿಸಿ, ಇಲ್ಲ ಪೂರ್ತಿ ಖಾಲಿ ಮಾಡಿ. ಅರ್ಧ ಟ್ಯಾಂಕ್ ಅತಿ ಕೆಟ್ಟದು.

ಕೊನೆಗೆ ತುಕ್ಕು ಎಷ್ಟು ಆಳಕ್ಕೆ ಹೋಗಿದೆ ಅಂತ ನೋಡಿ. ನಿಮ್ಮದೂ ಎಂಜಿಬಿ ಅಂತ ಬರೆದಿದ್ದೀರಿ. ಅದಕ್ಕೆ ಬೇರೆ ಚಾಸಿಸ್ ಇಲ್ಲ, ಬಾಗಿಲ ಕೆಳಗಿನ ಸಿಲ್ ಮೇಲೆಯೇ ಕಾರಿನ ಬಲ ನಿಂತಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ಸಿಲ್ ಉದ್ದಕ್ಕೂ ತಟ್ಟುತ್ತಾ ಹೋಗಿ. ಒಳ್ಳೆಯ ತಗಡು ಟಣ್ ಅನ್ನುತ್ತದೆ, ಕೊಳೆತ ಕಡೆ ದಬ್ ಅಂತ ಸತ್ತ ಶಬ್ದ. ಆಮೇಲೆ ಜ್ಯಾಕ್ ಕೊಟ್ಟು ಎತ್ತುವಾಗ ಬಾಗಿಲ ಸಂದಿ ನೋಡಿ. ಸಂದಿ ಕಿರಿದಾದರೆ ಅಥವಾ ಬಾಗಿಲು ಬಿಗಿಯಾದರೆ ಸಿಲ್ ಸೋತಿದೆ. ಆಗ ಮೇಲೆ ಪುಟ್ಟಿ ಹಚ್ಚಿ ಪೇಂಟ್ ಹೊಡೆಸುವ ಟಿಂಕರ್ ಹತ್ತಿರ ಹೋಗಲೇಬೇಡಿ. ಕೊಳೆತದ್ದು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಬೇಕು, ಅದೂ ಬಾಗಿಲು ಹಾಕಿಟ್ಟು ಬಾಡಿಗೆ ಆಧಾರ ಕೊಟ್ಟು. ಇಲ್ಲದಿದ್ದರೆ ಕಾರು ಸೊಟ್ಟಗಾದ ಮೇಲೆ ಸರಿ ಮಾಡೋಕೆ ಆಗಲ್ಲ. ಇನ್ನೂ ಗಟ್ಟಿ ಇದ್ದರೆ ಸಿಲ್ ಮತ್ತು ಬಾಗಿಲ ಕೆಳಗಿನ ನೀರಿಳಿಯುವ ತೂತುಗಳನ್ನು ತಂತಿಯಿಂದ ಬಿಡಿಸಿ, ಒಣಗಿದ ಮೇಲೆ ಒಳಗೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಹೊಡೆಸಿ. ಇದನ್ನು ಏಪ್ರಿಲ್ ಬಿಸಿಲಲ್ಲೇ ಮಾಡಿ ಮುಗಿಸಬೇಕು.

ಪ್ರಶ್ನೆ: ಅಣ್ಣಾ, ನನ್ನದು 1974ರ ಎಂಜಿ ಮಿಡ್ಜೆಟ್, ನಾನೇ ಓಡಿಸುತ್ತೇನೆ. ಪೆರುಂಬಾಡಿಯಿಂದ ಮಾಕುಟ್ಟ ಘಾಟಿ ಇಳಿಯುವಾಗ ಬ್ರೇಕ್ ಎಡಕ್ಕೆ ಎಳೆಯುತ್ತದೆ, ಕೆಳಗೆ ಮುಟ್ಟುವ ಹೊತ್ತಿಗೆ ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುತ್ತದೆ. ಪ್ಯಾಡ್ ಹೊಸದು. (ವಿರಾಜಪೇಟೆ)

ಉತ್ತರ: ಅಕ್ಕಾ, ಇದು ಸರಿಯಾಗುವ ತನಕ ಆ ಕಾರನ್ನು ಘಾಟಿಗೆ ತರಬೇಡಿ. ಉಳಿದ ಪ್ರಶ್ನೆಗಳು ಕಾಯಬಹುದು, ಬ್ರೇಕ್ ಕಾಯಲ್ಲ.

ನೀವು ಹೇಳಿದ್ದು ಎರಡು ಬೇರೆ ಬೇರೆ ತೊಂದರೆ. ಪೆಡಲ್ ಮೆತ್ತಗಾಗುವುದಕ್ಕೆ ಬ್ರೇಕ್ ಆಯಿಲ್ ಕಾರಣ. ಅದು ಗಾಳಿಯಿಂದ ನೀರು ಹೀರುತ್ತದೆ, ನಮ್ಮ ಮಳೆಗಾಲದಲ್ಲಿ ಬೇಗ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು, ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಾಟಿಯುದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟು ಇಳಿದರೆ ಅಷ್ಟು ಬಿಸಿ ಮುಟ್ಟುವುದು ದೊಡ್ಡದೇನಲ್ಲ. ಆಯಿಲ್ ಕುದಿದು ಪೈಪಿನಲ್ಲಿ ಆವಿ ತುಂಬಿದರೆ ಪೆಡಲ್ ಒತ್ತಿದ್ದು ಚಕ್ರಕ್ಕೆ ಮುಟ್ಟುವುದೇ ಇಲ್ಲ. ಪೂರ್ತಿ ಆಯಿಲ್ ತೆಗೆಸಿ, ಸೀಲ್ ಒಡೆಯದ ಡಬ್ಬಿಯ ಹೊಸದು ಹಾಕಿಸಿ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಬದಲಾಯಿಸುವುದು ನಮ್ಮ ಜಿಲ್ಲೆಗೆ ಸರಿ. ಸಿಲಿಕೋನ್‌ನ ಡಾಟ್ 5 ಇದರ ಜೊತೆ ಬೆರೆಸಲೇಬಾರದು.

ಎಡಕ್ಕೆ ಎಳೆಯುತ್ತದೆ ಅಂದರೆ ಬಲಗಡೆ ಬ್ರೇಕ್ ಕೆಲಸ ಮಾಡುತ್ತಿಲ್ಲ, ಅಥವಾ ಎಡಗಡೆಯದು ಬಿಡುತ್ತಿಲ್ಲ. ಸಮತಟ್ಟು ರಸ್ತೆಯಲ್ಲಿ ಸ್ವಲ್ಪ ಓಡಿಸಿ ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳ ಹತ್ತಿರ ಕೈ ತನ್ನಿ, ಮುಟ್ಟಬೇಡಿ, ಹತ್ತಿರ ತಂದರೇ ವ್ಯತ್ಯಾಸ ತಿಳಿಯುತ್ತದೆ. ಎಡಗಡೆ ಜಾಸ್ತಿ ಬಿಸಿ ಇದ್ದರೆ ಜ್ಯಾಕ್ ಕೊಟ್ಟು ಚಕ್ರ ತಿರುಗಿಸಿ ನೋಡಿ. ಬಿಗಿಯಾಗಿದ್ದು, ಬ್ಲೀಡ್ ನಿಪ್ಪಲ್ (ಆಯಿಲ್ ಹೊರಬಿಡುವ ತಿರುಪು) ಸಡಿಲ ಮಾಡಿದ ಕೂಡಲೇ ಬಿಟ್ಟುಕೊಂಡರೆ ರಬ್ಬರ್ ಹೋಸ್ ಒಳಗೆ ಊದಿಕೊಂಡಿದೆ. ಆಯಿಲ್ ಹೋಗಲು ಬಿಡುತ್ತದೆ, ವಾಪಸ್ ಬರಲು ಬಿಡಲ್ಲ. ನಿಪ್ಪಲ್ ತೆರೆದರೂ ಬಿಗಿಯೇ ಇದ್ದರೆ ಪ್ಯಾಡ್ ಒತ್ತುವ ಕ್ಯಾಲಿಪರ್ ಪಿಸ್ಟನ್ ತುಕ್ಕು ಹಿಡಿದಿದೆ. ಯಾವುದೇ ಆಗಲಿ, ಎರಡೂ ಪಕ್ಕ ಒಟ್ಟಿಗೆ ಮಾಡಿಸಿ. ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಈ ಕಾರು ಹಗುರ, ಇಂಜಿನ್ ಚೆನ್ನಾಗಿ ಹಿಡಿಯುತ್ತದೆ.

ಟೈರಿನ ಬಗ್ಗೆ ನೀವು ಬರೆದಿಲ್ಲ, ಆದರೂ ಪಕ್ಕದ ಮೈಯಲ್ಲಿ ನಾಲ್ಕು ಅಂಕಿ ಹುಡುಕಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಹತ್ತು ವರ್ಷ ದಾಟಿದ್ದರೆ ಟೈರಿನ ಗೆರೆ ಎಷ್ಟೇ ಆಳ ಇದ್ದರೂ ಒದ್ದೆ ರಸ್ತೆಗೆ ಬೇಡ.

ಪ್ರಶ್ನೆ: ಮಂಗಳೂರಲ್ಲಿ ಟ್ಯೂನ್ ಮಾಡಿಸಿದ ಎರಡು ಕಾರ್ಬುರೇಟರ್‌ನ ಕಾರು ಇಲ್ಲಿ ಕಪ್ಪು ಹೊಗೆ ಬಿಡುತ್ತದೆ. ಟ್ಯೂನಿಂಗ್ ಸರಿ ಮಾಡಿಲ್ವಾ? (ಗಾಳಿಬೀಡು)

ಉತ್ತರ: ಅಲ್ಲಿಗೆ ಸರಿಯಾಗೇ ಮಾಡಿರಬಹುದು. ನಿಮ್ಮ ಪಕ್ಕದ ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲೆ. ಗಾಳಿ ಇಲ್ಲಿ ಶೇ. 10ರಷ್ಟು ತೆಳು, ಅದೇ ಪೆಟ್ರೋಲಿಗೆ ಗಾಳಿ ಸಾಲುವುದಿಲ್ಲ. ಕಾರು ಹೆಚ್ಚು ಓಡುವ ಊರಿನಲ್ಲಿ, ಹೆಚ್ಚು ಹಾಕಿಸುವ ಪೆಟ್ರೋಲಿನಲ್ಲೇ ಟ್ಯೂನ್ ಮಾಡಿಸಿ. ಎಸ್‌ಯು ಕಾರ್ಬುರೇಟರ್ ಆಗಿದ್ದರೆ ಇಂಜಿನ್ ಕಾದ ಮೇಲೆ ಒಂದೊಂದಾಗಿ ಕಾರ್ಬುರೇಟರ್ ಒಳಗಿನ ಪಿಸ್ಟನ್ನನ್ನು ಅದರ ಪಕ್ಕದ ಪಿನ್ನಿಂದ ಕೂದಲೆಳೆಯಷ್ಟು ಎತ್ತಿ. ಇಂಜಿನ್ ವೇಗ ಏರಿ ಹಾಗೇ ಉಳಿದರೆ ಪೆಟ್ರೋಲ್ ಜಾಸ್ತಿ, ಕುಸಿದರೆ ಕಮ್ಮಿ, ಸ್ವಲ್ಪ ಏರಿ ವಾಪಸ್ ಬಂದರೆ ಸರಿ. ಜಾಸ್ತಿ ಇದ್ದರೆ ಜೆಟ್ (ಪೆಟ್ರೋಲ್ ಬರುವ ಕೊಳವೆ) ಕೆಳಗಿನ ನಟ್ಟನ್ನು ಮೇಲಕ್ಕೆ, ಒಂದು ಸಲಕ್ಕೆ ಒಂದೇ ಮುಖದಷ್ಟು ತಿರುಗಿಸಿ. ಕಾರ್ಬುರೇಟರ್ ತಲೆಯಲ್ಲಿರುವ ಡ್ಯಾಶ್‌ಪಾಟ್‌ನ ಆಯಿಲ್ ಖಾಲಿ ಇದ್ದರೆ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ತಡವರಿಸುತ್ತದೆ, ಅದನ್ನೂ ನೋಡಿಕೊಳ್ಳಿ.

ಪ್ರಶ್ನೆ: ಸ್ಯಾನ್ ಸ್ಟಾರ್ಮ್ ಇದೆ. ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಮಿಣುಕುತ್ತದೆ, ಬ್ರೇಕ್ ಒತ್ತಿದರೆ ಮೀಟರ್ ಮುಳ್ಳು ಕುಣಿಯುತ್ತದೆ. (ಕುಶಾಲನಗರ)

ಉತ್ತರ: ಅರ್ತ್ ನೋಡಿ. ಆ ಕಾರಿನ ಬಾಡಿ ಫೈಬರ್, ತಗಡಿನ ಕಾರಿನ ಹಾಗೆ ಬಾಡಿಯ ಮೂಲಕ ಕರೆಂಟ್ ವಾಪಸ್ ಹೋಗಲ್ಲ. ಪ್ರತಿ ಲೈಟಿನಿಂದಲೂ ಅರ್ತ್ ವಯರ್ ಚಾಸಿಸ್ ತನಕ ಬರಬೇಕು. ಆ ಬೋಲ್ಟಿನ ಕೆಳಗೆ ತುಕ್ಕು ಕೂತರೆ ಕರೆಂಟ್ ಪಕ್ಕದ ಲೈಟಿನ ದಾರಿ ಹಿಡಿಯುತ್ತದೆ. ಎಲ್ಲಾ ಅರ್ತ್ ಬೋಲ್ಟ್ ಬಿಚ್ಚಿ, ಬಿಳಿ ಲೋಹ ಕಾಣುವ ತನಕ ಉಜ್ಜಿ, ಬಿಗಿದ ಮೇಲೆ ಗ್ರೀಸ್ ಹಚ್ಚಿ. ಬಾಡಿ ಫೈಬರ್ ಆದ್ದರಿಂದ ತುಕ್ಕಿಲ್ಲ ಅಂತ ಸುಮ್ಮನಿರಬೇಡಿ, ಕೆಳಗಿನ ಚಾಸಿಸ್ ಕಬ್ಬಿಣವೇ.

ಪ್ರಶ್ನೆ: 1970ರ ಕಾರಿಗೆ ವಿಂಟೇಜ್ ನಂಬರ್ ಮಾಡಿಸುವುದು ಒಳ್ಳೇದಾ? (ಸೋಮವಾರಪೇಟೆ)

ಉತ್ತರ: ಓಡಿಸುವ ಆಸೆ ಇದ್ದರೆ ಬೇಡ ಅಂತೀನಿ. 2021ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಬದಲಾಗದ ಕಾರಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ ಊರ್ಜಿತ. ಆದರೆ ಆಮೇಲೆ ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥ ಕೆಲಸಕ್ಕೆ ಮಾತ್ರ ರಸ್ತೆಗೆ ತರಬಹುದು. ಭಾನುವಾರ ಮನೆಯವರನ್ನು ಕೂರಿಸಿಕೊಂಡು ಭಾಗಮಂಡಲಕ್ಕೆ ಹೋಗಿ ಬರುವುದು ಅದರಲ್ಲಿ ಬರಲ್ಲ. ಮಾಮೂಲಿ ಆರ್‌ಸಿ ಚಾಲ್ತಿಯಲ್ಲಿದ್ದರೆ ಐದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ಅದನ್ನೇ ಉಳಿಸಿಕೊಳ್ಳಿ.

ಪ್ರಶ್ನೆ: ದೊಡ್ಡಪ್ಪನ 1965ರ ಎಂಜಿಬಿ ಬಹಳ ವರ್ಷದಿಂದ ನಿಂತಿದೆ. ಬ್ಯಾಟರಿಯೇ ಇಲ್ಲ. ಹೊಸದು ತಂದು ಸ್ಟಾರ್ಟ್ ಮಾಡಿ ನೋಡಬಹುದಾ? (ನಾಪೋಕ್ಲು)

ಉತ್ತರ: ತಡೆಯಿರಿ. 1967ರ ತನಕದ ಎಂಜಿಬಿಗಳಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗುತ್ತದೆ, ಈಗಿನ ಕಾರುಗಳಿಗೆ ಪೂರ್ತಿ ಉಲ್ಟಾ. ಮಧ್ಯದಲ್ಲಿ ಯಾರಾದರೂ ಬದಲಾಯಿಸಿರಲೂಬಹುದು. ಹಾಗಾಗಿ ಹಳೆ ಕಾರು ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ವಯರಿಂಗ್ ತೋರಿಸಿ ಖಾತ್ರಿ ಮಾಡಿಕೊಳ್ಳಿ. ಸೀಟಿನ ಹಿಂದೆ ಎರಡು ಬ್ಯಾಟರಿ ಜಾಗ ಕಂಡು ಗಾಬರಿಯಾಗಬೇಡಿ, 6 ವೋಲ್ಟಿನ ಎರಡನ್ನು ಸೇರಿಸಿ 12 ಮಾಡಿದ್ದಾರೆ. ಬ್ಯಾಟರಿಗೂ ಮುಂಚೆ ನಾಲ್ಕೂ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಎರಡು ಚಮಚ ಇಂಜಿನ್ ಆಯಿಲ್ ಬಿಟ್ಟು ಒಂದೆರಡು ದಿನ ಬಿಡಿ. ಆಮೇಲೆ ಗೇರಿನಲ್ಲಿ ಹಾಕಿ ಕಾರನ್ನು ಕೈಯಿಂದ ಹಿಂದೆ ಮುಂದೆ ತಳ್ಳಿ, ಇಂಜಿನ್ ತಿರುಗುತ್ತದಾ ನೋಡಿ. ತಿರುಗದಿದ್ದರೆ ಬಲ ಹಾಕಬೇಡಿ, ಇನ್ನಷ್ಟು ಆಯಿಲ್ ಬಿಟ್ಟು ಕಾಯಿರಿ. ತಿರುಗಿದರೆ ಹಳೆ ಪೆಟ್ರೋಲ್ ಪೂರ್ತಿ ತೆಗೆದು, ಆಯಿಲ್ ಬದಲಾಯಿಸಿ, 20ಡಬ್ಲ್ಯೂ-50 ಮಿನರಲ್ ಆಯಿಲ್ ಹಾಕಿ, ಆಮೇಲೆ ನನಗೆ ಬರೆಯಿರಿ. ಮುಂದಿನ ಹಂತ ಅಲ್ಲಿಂದ ಹೇಳುತ್ತೇನೆ.